ಯಾವ ಹಣ, ಯಾವ ಅಪರಾಧದ್ದು?

ಗೋವಾದಿಂದ ಚೋರ್ಲಾ ಘಾಟ್ ಹತ್ತಿ ಬಂದ ಅಕ್ರಮ ಮದ್ಯದ ಲಾರಿಯೊಂದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಸಿಕ್ಕಿಬಿತ್ತು ಎಂದಿಟ್ಟುಕೊಳ್ಳಿ. ಮಾಲಕನಿಗೆ ಬೆಳಗಾವಿಯಲ್ಲಿ ಫ್ಲ್ಯಾಟು, ಖಾನಾಪುರದಲ್ಲಿ ನಾಲ್ಕು ಎಕರೆ ಹೊಲ. ಇಷ್ಟರ ಮೇಲೆಯೇ ಹಣ ಅಕ್ರಮ ವರ್ಗಾವಣೆಯ ಕೇಸು ಹಾಕಬಹುದೆ? ಆಗದು. ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆ (ಪಿಎಂಎಲ್‌ಎ) ಅನ್ವಯಿಸುವುದು ಅದರ ಅನುಸೂಚಿಯಲ್ಲಿ ಪಟ್ಟಿಮಾಡಿದ ಅಪರಾಧಗಳಿಂದ ಬಂದ ಹಣಕ್ಕೆ ಮಾತ್ರ. ರಾಜ್ಯದ ಅಬಕಾರಿ ಕಾಯ್ದೆ ಮುರಿದದ್ದು 2002ರ ಪಿಎಂಎಲ್‌ಎ ಕಾಯ್ದೆಯ ಅನುಸೂಚಿಯಲ್ಲೇ ಇಲ್ಲ. ಖೋಟಾ ಪರ್ಮಿಟ್ ಬಳಸಿದ್ದರೆ ಮಾತು ಬೇರೆ, ಖೋಟಾ ದಾಖಲೆಯ ಬಳಕೆ ಆ ಪಟ್ಟಿಯಲ್ಲಿದೆ. ಆಗಲೂ ಆ ಖೋಟಾ ಕಾಗದದಿಂದ ಎಷ್ಟು ಗಳಿಸಿದ, ಆ ದುಡ್ಡು ಹೊಲಕ್ಕೆ ಹೋದದ್ದು ಹೇಗೆ ಎಂಬುದನ್ನು ದೂರಿನಲ್ಲಿ ಬಿಡಿಸಿ ಬರೆಯಬೇಕು. ಹೊಲದ ಉತಾರದಲ್ಲಿ (ಪಹಣಿಯಲ್ಲಿ) ಅವನ ಹೆಸರು ಅಪರಾಧಕ್ಕಿಂತ ಮೊದಲೇ ಏರಿದ್ದರೆ ಆ ಹೊಲವನ್ನು ಅಪರಾಧದ ಹಣದಿಂದ ಕೊಂಡದ್ದೆನ್ನಲು ಬರುವುದಿಲ್ಲ.

ಈ ಕಟ್ಟುನಿಟ್ಟು ಗಟ್ಟಿಯಾದದ್ದು ಕರ್ನಾಟಕದ ಪ್ರಕರಣದಿಂದಲೇ. ಬೆಂಗಳೂರಿನ ಅಲಯನ್ಸ್ ವಿಶ್ವವಿದ್ಯಾಲಯದ ವ್ಯವಹಾರಕ್ಕೆ ಸೇರಿದ ಪಾವನಾ ದಿಬ್ಬೂರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರ ನವೆಂಬರ್ 29ರಂದು ಎರಡು ಮಾತು ಹೇಳಿತು. ಅಪರಾಧಕ್ಕೂ ಮೊದಲು ಕೊಂಡ ಆಸ್ತಿ ಅದರ ಗಳಿಕೆಯಲ್ಲ. ಒಳಸಂಚಿನ ಆರೋಪವೊಂದೇ ಸಾಲದು, ಸಂಚು ಅನುಸೂಚಿಯಲ್ಲಿರುವ ಅಪರಾಧಕ್ಕಾಗಿಯೇ ನಡೆದಿರಬೇಕು. ಇದನ್ನೇ ನೆಚ್ಚಿ 2024ರ ಮಾರ್ಚ್‌ನಲ್ಲಿ ಡಿ.ಕೆ. ಶಿವಕುಮಾರ್ ವಿರುದ್ಧದ ಜಾರಿ ನಿರ್ದೇಶನಾಲಯದ (ಇ.ಡಿ.) ಪ್ರಕರಣವೂ ರದ್ದಾಯಿತು.

ಕಪ್ಪುಹಣ ಹತ್ತು ಖಾತೆ ದಾಟಿ ಬೆರೆತುಹೋಗಿರುತ್ತದೆ, ಪ್ರತಿ ರೂಪಾಯಿಯ ಜಾಡು ಕೇಳಿದರೆ ಯಾರನ್ನೂ ಹಿಡಿಯಲಾಗದು ಎಂಬ ವಾದವಿದೆ. ಅದರಲ್ಲಿ ಹುರುಳಿದೆ. ಅದಕ್ಕೆಂದೇ ಕಾಯ್ದೆಯ 24ನೇ ಕಲಮು ಪುರಾವೆಯ ಹೊರೆಯನ್ನು ಆರೋಪಿಯ ಮೇಲೆ ಹೊರಿಸುತ್ತದೆ. ಆದರೆ ಅಪರಾಧ ನಡೆದದ್ದು, ಅದರಿಂದ ಆಸ್ತಿ ಬಂದದ್ದು, ಆರೋಪಿ ಅದರಲ್ಲಿ ಕೈಯಾಡಿಸಿದ್ದು, ಈ ಬುನಾದಿಯನ್ನು ಸರ್ಕಾರಿ ಪಕ್ಷ ಮೊದಲು ಹಾಕಿಕೊಟ್ಟ ಮೇಲಷ್ಟೇ. ಜಾಮೀನೇ ದುರ್ಲಭವಾದ ಕಾಯ್ದೆಯಲ್ಲಿ ಇಷ್ಟನ್ನಾದರೂ ಕೇಳುವುದು ಅತಿಯಲ್ಲ.

ಸ್ಪಷ್ಟತೆ ಬೇಕಿರುವುದು ಆರೋಪಿಗಷ್ಟೇ ಅಲ್ಲ. ಬೆಳಗಾವಿಯ ಸಂಗೊಳ್ಳಿ ರಾಯಣ್ಣ ಪತ್ತಿನ ಸಹಕಾರಿ ಸಂಘದಲ್ಲಿ ಠೇವಣಿ ಇಟ್ಟು ಕೈಸುಟ್ಟುಕೊಂಡವರನ್ನು ನೆನೆಯಿರಿ. ಮಗಳ ಮದುವೆಗೆಂದು, ಮುಪ್ಪಿಗೆಂದು ಕೂಡಿಟ್ಟ ಹಣವದು. ಜಪ್ತಿಯಾದ ಆಸ್ತಿಯನ್ನು ನಷ್ಟಕ್ಕೊಳಗಾದವರಿಗೆ ಮರಳಿಸಲು ಕಾಯ್ದೆಯ 8ನೇ ಕಲಮಿನಲ್ಲಿ ದಾರಿಯಿದೆ. ಯಾರ ಠೇವಣಿ ಯಾವ ಖಾತೆಗೆ ಹೋಗಿ ಯಾವ ಜಾಗವಾಯಿತು ಎಂಬುದನ್ನೇ ಬರೆಯದ ದೂರು ಕೋರ್ಟಿನಲ್ಲಿ ಬಿದ್ದುಹೋದರೆ ಜಪ್ತಿಯೂ ಬೀಳುತ್ತದೆ, ಆ ದಾರಿಯೂ ಮುಚ್ಚುತ್ತದೆ. ತನಿಖಾಧಿಕಾರಿಗಳು ಪತ್ರಿಕೆಗಳಿಗೆ ಕೋಟಿಗಳ ಲೆಕ್ಕ ಕೊಡುವ ಮೊದಲು ಕೋರ್ಟಿಗೆ ಈ ಲೆಕ್ಕ ಕೊಡಲಿ.