ಕುರಿ ಕಾಯುವ ಹುಡುಗನ ಆರು ಸಂಪುಟ

ಬೇಸಿಗೆಯ ರಜೆಗೆಂದು ನಾರಾಯಣಪುರಕ್ಕೆ ಬಂದ ನಮ್ಮ ಮೊಮ್ಮಗನ ಚೀಲದಲ್ಲಿ ಬಟ್ಟೆಗಿಂತ ಪುಸ್ತಕಗಳ ತೂಕವೇ ಹೆಚ್ಚಾಗಿತ್ತು. ಅಮೆರಿಕೆಯ ಕಾದಂಬರಿಕಾರ ಜಿಮ್ ಬುಚರ್ ಅವರು 2004ರಿಂದ 2009ರವರೆಗೆ ವರ್ಷಕ್ಕೊಂದರಂತೆ ಹೊರತಂದ 'ಕೋಡೆಕ್ಸ್ ಅಲೇರಾ' ಎಂಬ ಮಾಲೆಯ ಆರು ಸಂಪುಟಗಳವು. ಮೊದಲನೆಯದನ್ನು ಅವನೇ ಕನ್ನಡದಲ್ಲಿ ಹೇಳುತ್ತ ಹೋದ. ಎರಡನೆಯದರಿಂದ ನಾವೇ ನಿಘಂಟು ಹಿಡಿದು ಓದತೊಡಗಿದೆವು. ಬಸವಸಾಗರದ ಕಡೆಯಿಂದ ಗಾಳಿ ಬೀಸುವ ಮಾಳಿಗೆಯ ಮೇಲೆ ಓದುತ್ತ ಕುಳಿತು ಇಷ್ಟಲಿಂಗಪೂಜೆಯ ಹೊತ್ತು ಮೀರಿದ್ದೂ ಉಂಟು.

ಮಠದಲ್ಲಿ ಓದಿದವರಿಗೆ ಈ ಮಾಯಾಮಂತ್ರದ ಕಥೆ ಏತಕ್ಕೆ ಎಂದು ಮನೆಯವರು ನಕ್ಕರು. ಬನವಸಿಯ ಮಮಕಾರರಾಜನ ಮಗಳಾಗಿ ಮಾಯೆಯೇ ಹುಟ್ಟಿಬರುವ ಚಾಮರಸನ 'ಪ್ರಭುಲಿಂಗಲೀಲೆ'ಯನ್ನು ಸವಿದವರಿಗೆ ಇದರ ಅಂಜಿಕೆ ಏಕೆ? ದೀರ್ಘ ಕಥನವೂ ನಮಗೆ ಹೊಸದಲ್ಲ. ಬಿ. ಪುಟ್ಟಸ್ವಾಮಯ್ಯನವರ ಕಲ್ಯಾಣದ ಕಾದಂಬರಿಗಳೂ ಆರೇ. 'ಉದಯರವಿ'ಯಿಂದ ಹೊರಟು, 1964ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ 'ಕ್ರಾಂತಿ ಕಲ್ಯಾಣ'ದವರೆಗೆ ಅವುಗಳನ್ನು ಹಾಳೆ ಸಡಿಲಾಗುವಷ್ಟು ಓದಿದವರು ನಾವು.

ಅಲೇರಾ ಭೂಪಟದಲ್ಲಿಲ್ಲದ ರಾಜ್ಯ. ದಾರಿ ತಪ್ಪಿ ಅನ್ಯಲೋಕ ಸೇರಿದ ರೋಮನ್ ಸೇನಾದಳವೊಂದರ ಸಂತತಿಯವರು ಅದನ್ನು ಕಟ್ಟಿದರೆಂಬುದು ಕಲ್ಪನೆ. ದೊರೆಯ ಹೆಸರು ಗೇಯಸ್ ಸೆಕ್ಸ್ಟಸ್, ಪಡೆಗಳಿಗೆ ಲೀಜನ್ ಎಂಬ ಹೆಸರು. ಗುಲಾಮಗಿರಿಯೂ ರೋಮಿನಂತೆಯೇ ಉಂಟು. ರೋಮಿನಲ್ಲಿ ಇಲ್ಲದ್ದೆಂದರೆ, ಮಣ್ಣು, ನೀರು, ಬೆಂಕಿ, ಗಾಳಿ, ಮರ, ಲೋಹಗಳಲ್ಲಿ ನೆಲೆಸಿದ ಶಕ್ತಿಗಳನ್ನು ಅಲ್ಲಿಯ ಜನ ಆಳುಗಳಂತೆ ದುಡಿಸಿಕೊಳ್ಳುತ್ತಾರೆ. ದೀಪ ಬೆಳಗುವುದಕ್ಕೂ ಅವೇ ಬೇಕು. ನಮ್ಮೂರ ಅಣೆಕಟ್ಟಿನ ಗೇಟು ಎತ್ತಿದಾಗ ಭೋರ್ಗರೆಯುವ ಕೃಷ್ಣೆಯನ್ನು ಕಂಡವರಿಗೆ ಇದು ಬರಿಯ ಕಟ್ಟುಕಥೆಯೆನಿಸದು.

ಕಥಾನಾಯಕ ಟಾವಿಗೆ ಈ ಶಕ್ತಿಗಳಲ್ಲಿ ಒಂದೂ ಇಲ್ಲ. ಗಡಿನಾಡಿನ ಕಣಿವೆಯಲ್ಲಿ ಸೋದರಮಾವನ ಕುರಿ ಕಾಯುವ ಹದಿನೈದರ ಹುಡುಗನವನು. ಹುಡುಗಿಯೊಬ್ಬಳಿಗೆ ಹೂ ತರಲು ಹೋಗಿ ಕುರಿಗಳನ್ನು ಕಳೆದುಕೊಳ್ಳುತ್ತಾನೆ. ಅವುಗಳನ್ನು ಅರಸುತ್ತ ಹೋದವರ ಕಣ್ಣಿಗೆ ಶತ್ರು ಬೀಳುತ್ತಾನೆ. ಅಷ್ಟು ಸಣ್ಣ ತಪ್ಪಿನಿಂದ ಅಷ್ಟು ದೊಡ್ಡ ಯುದ್ಧ ಹೊರಡುವುದು ನಮಗೆ ಬಲು ಹಿಡಿಸಿತು. ಉಳಿದವರು ಶಕ್ತಿಯಿಂದ ಮಾಡುವುದನ್ನು ಇವನು ಬುದ್ಧಿಯಿಂದ ಮಾಡಬೇಕು, ಮಾಡುತ್ತಾನೆ.

ಪುಸ್ತಕ ಓದಬೇಕೆಂದಿರುವವರು ಮುಂದಿನ ಮಾತನ್ನು ಬಿಟ್ಟುಬಿಡಬಹುದು. ಆ ಹುಡುಗ ದೊರೆಯ ಮೊಮ್ಮಗನಂತೆ! ಸಾಕಿದ ದೊಡ್ಡಮ್ಮನೇ ಹೆತ್ತ ತಾಯಿ. ಮಗನನ್ನು ಮರೆಮಾಡಲು ಅವನ ಬೆಳವಣಿಗೆಯನ್ನೇ ತಡೆದಿದ್ದಳು. ನಾಲ್ಕನೆಯ ಸಂಪುಟದಲ್ಲಿ ಹುಡುಗನಿಗೆ ತನ್ನ ಮನೆತನವೂ ತಿಳಿಯುತ್ತದೆ, ಶಕ್ತಿಗಳೂ ಬರತೊಡಗುತ್ತವೆ. ಬಡಿಸಿದ ಎಲೆಯನ್ನು ಎಳೆದುಕೊಂಡಂತಾಯಿತು ನಮಗೆ. ಕುಲ ಕೇಳದೆ ಕಾಯಕ ಕೇಳಿದ ಶರಣರ ಮಾತಿನಲ್ಲಿ ಬೆಳೆದವರು ನಾವು. ಕುರಿ ಕಾಯುವವನು ಕುರಿ ಕಾಯುವವನಾಗಿಯೇ ಗೆಲ್ಲಬಾರದಿತ್ತೇ? ಹೀಗೆ ಗೊಣಗುವಾಗಲೇ, ಸೊಸೆಯನ್ನು ತರುವಾಗ ನಾವು ಮೊದಲು ವಿಚಾರಿಸಿದ್ದು ಮನೆತನವನ್ನೇ ಎಂಬುದು ನೆನಪಾಗಿ ದನಿ ತಗ್ಗಿತು.

ಮೊಮ್ಮಗ ಸುಮ್ಮನಿರಲಿಲ್ಲ. "ಮುತ್ಯಾ, ಮೂರನೇದರಾಗ ಪಡೆ ಮುಂದ ನಿಂತು ಸೇತುವಿ ಕಾಯೂ ಹೊತ್ತಿನ್ಯಾಗ ಅಂವಗ ತನ್ನ ಮನಿತನ ಗೊತ್ತಿತ್ತೇನು? ಶಕ್ತಿ ಬಂದಿತ್ತೇನು?" ಎಂದ.

ತೆಗೆದು ನೋಡಿದೆವು. ಮೇಲಧಿಕಾರಿಗಳು ಸತ್ತೋ ಗಾಯಗೊಂಡೋ ಬಿದ್ದಮೇಲೆ ಕೈಗೆ ಬಂದ ಪಡೆಯನ್ನು ಆ ಹುಡುಗ ನಡೆಸಿದ್ದು ಬರಿಗೈಯಲ್ಲಿಯೇ. ರಜೆ ಮುಗಿಸಿ ಹೊರಟ ಮೊಮ್ಮಗ ಐದು ಸಂಪುಟಗಳನ್ನು ಒಯ್ದ. ಮೂರನೆಯದು ನಮ್ಮಲ್ಲಿಯೇ ಇದೆ. ಎರಡು ಸಲ ಕೇಳಿದ್ದಾನೆ, ನಾವಿನ್ನೂ ಕಳುಹಿಸಿಲ್ಲ.