ನಿಂತ ಕಾರನ್ನು ಎಬ್ಬಿಸುವ ಬಗೆ

ಓಡಿದರೆ ವಾಹನ ಸವೆಯುತ್ತದೆ, ನಿಂತರೆ ಉಳಿಯುತ್ತದೆ ಎಂಬುದು ಸಾಮಾನ್ಯ ನಂಬಿಕೆ. 2020ರ ಮಾರ್ಚ್ 25ರಂದು ಲಾಕ್‌ಡೌನ್ ಆರಂಭವಾಗಿ ವಾಹನಗಳು ವಾರಗಟ್ಟಲೆ ನಿಂತಾಗ ಅದು ಪೂರ್ತಿ ನಿಜವಲ್ಲವೆಂದು ಹಲವರಿಗೆ ತಿಳಿಯಿತು. ಕೋಟಿ ಬೆಲೆಯ ಸ್ಪೋರ್ಟ್ಸ್ ಕಾರಾಗಲಿ, ನಾರಾಯಣಪುರದ ಮನೆಯಂಗಳದ ಹಳೆಯ ಜೀಪಾಗಲಿ, ನಿಯಮ ಒಂದೇ.

ಮೊದಲು ಸೋಲುವುದು ಬ್ಯಾಟರಿ. ಕಾರು ನಿಂತಿದ್ದರೂ ಗಡಿಯಾರ, ಅಲಾರಂಗಳು ವಿದ್ಯುತ್ ಹೀರುತ್ತಿರುತ್ತವೆ. ಅವಿಲ್ಲದಿದ್ದರೂ ಸೀಸದ ಫಲಕ ಮತ್ತು ಗಂಧಕಾಮ್ಲದ ನಡುವಿನ ರಾಸಾಯನಿಕ ಕ್ರಿಯೆಯಿಂದ ಚಾರ್ಜ್ ತಾನಾಗಿ ಇಳಿಯುತ್ತದೆ. ಸೆಕೆ ಹೆಚ್ಚಿದಷ್ಟೂ ಈ ಇಳಿಕೆ ಚುರುಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕೃಷ್ಣಾ ತೀರದ ಈ ಸೀಮೆಯವರು ಇದನ್ನು ಮರೆಯಬಾರದು. ಪೂರ್ಣ ಚಾರ್ಜಿನಲ್ಲಿ ಸುಮಾರು 12.6 ವೋಲ್ಟ್ ತೋರುವ ಬ್ಯಾಟರಿ 12ಕ್ಕಿಂತ ಕೆಳಗಿಳಿದರೆ ಬಹುತೇಕ ಬರಿದಾದಂತೆಯೇ.

ಎರಡನೆಯದು ಆಯಿಲ್. ಅದು ಎಂಜಿನ್ನಿನ ತಳಕ್ಕೆ ಇಳಿದಿರುತ್ತದೆ. ಶುರುವಾದೊಡನೆ ಆಕ್ಸಿಲರೇಟರ್ ಒತ್ತಿ ಅಬ್ಬರಿಸಿದರೆ ಲೋಹದ ಭಾಗಗಳು ಒಂದಕ್ಕೊಂದು ಉಜ್ಜಿ ಸವೆಯುತ್ತವೆ. ಸ್ವಲ್ಪ ಹೊತ್ತು ತಾಳಿ, ನಿಧಾನವಾಗಿ ಹೊರಡಬೇಕು. ಇಲಿ ಕಡಿದ ವೈರು, ಟೈರಿನ ಗಾಳಿಯನ್ನು ಮೊದಲೇ ನೋಡಬೇಕು. ಬ್ರೇಕಿಗೆ ತುಕ್ಕು ಹಿಡಿದಿರಬಹುದು. ಖಾಲಿ ರಸ್ತೆಯಲ್ಲಿ ಒತ್ತಿ ಪರೀಕ್ಷಿಸಬೇಕು. ನಿಂತಲ್ಲೇ ಐದು ನಿಮಿಷ ಎಂಜಿನ್ ಓಡಿಸಿದರೆ ಬ್ಯಾಟರಿ ತುಂಬದು. ಅರ್ಧ ಗಂಟೆಯಾದರೂ ಪ್ರಯಾಣ ಬೇಕು.

ಎಲ್ಲಕ್ಕಿಂತ ಮುಖ್ಯ, ಷೆಡ್ಡಿನ ಬಾಗಿಲು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಬಲವಾಗಿ ಅಂಟಿಕೊಳ್ಳುತ್ತದೆ. ಮುಚ್ಚಿದ ಷೆಡ್ಡಿನಲ್ಲಿ ಎಂಜಿನ್ ಓಡಿಸಿದರೆ ಕೆಲವೇ ನಿಮಿಷಗಳಲ್ಲಿ ಪ್ರಾಣಕ್ಕೆ ಸಂಚಕಾರ. ಬಾಗಿಲು ತೆರೆದ ಮೇಲೆಯೇ ಕೀಲಿ ತಿರುಗಿಸಿ, ಕೂಡಲೇ ವಾಹನವನ್ನು ಹೊರಗೆ ತರಬೇಕು. ಆ ಕೀಲಿ ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳುವುದು ಹಿರಿಯರ ಹೊಣೆ.