ಟಿಬಿ ಮಾತ್ರೆಯ ಜೊತೆ ಮೀನಿನ ಮಾತನ್ನೂ ಹೇಳಿ

ಕ್ಷಯ ರೋಗಿಗಳಿಗೆ ಸರ್ಕಾರ ಉಚಿತವಾಗಿ ಮಾತ್ರೆ ಕೊಡುತ್ತದೆ. ಹೊಟ್ಟೆ ತುಂಬ ಪೌಷ್ಟಿಕ ಆಹಾರ ತಿನ್ನಲಿ ಎಂದು ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ ಹಣವನ್ನೂ ಕೊಡುತ್ತದೆ. 2018ರಲ್ಲಿ 500 ರೂಪಾಯಿ ಇದ್ದದ್ದು 2024ರ ನವೆಂಬರ್‌ನಿಂದ 1000 ರೂಪಾಯಿ ಆಗಿದೆ. ಇದು ಬಹಳ ಒಳ್ಳೆಯ ಕೆಲಸ. ಆದರೆ ಮಾತ್ರೆ ಕೊಡುವಾಗ ಮೀನಿನ ಬಗ್ಗೆ ಒಂದು ಎಚ್ಚರಿಕೆಯ ಮಾತನ್ನೂ ಪ್ರತಿ ರೋಗಿಗೆ ಅವರ ಮನೆಯ ಭಾಷೆಯಲ್ಲೇ ಹೇಳಬೇಕು ಎಂಬುದು ನನ್ನ ಅಭಿಪ್ರಾಯ.

ಕಾಮರ್ಸ್‌ನವರಿಗೆ ಇದೆಲ್ಲ ಯಾಕೆ ಎಂದು ಸೈನ್ಸ್ ಸೆಕ್ಷನ್‌ನ ಸ್ನೇಹಿತರು ಕೇಳಬಹುದು. ಅಕೌಂಟೆನ್ಸಿಯಲ್ಲಿ ನಾವು ಮೊದಲು ಕಲಿಯುವುದು ಡೆಬಿಟ್, ಕ್ರೆಡಿಟ್. ಬಂದದ್ದಕ್ಕೂ ಹೋದದ್ದಕ್ಕೂ ಲೆಕ್ಕ ತಾಳೆಯಾಗಬೇಕು. ನಮ್ಮ ಹೊಟ್ಟೆಯಲ್ಲೂ ಅಂಥದೇ ಒಂದು ಲೆಕ್ಕ ನಡೆಯುತ್ತದೆ.

ಊಟದ ಜೊತೆ ಹಿಸ್ಟಮಿನ್ ಎಂಬ ಅಮೈನ್ ಸ್ವಲ್ಪ ಸ್ವಲ್ಪ ಒಳಗೆ ಬರುತ್ತಲೇ ಇರುತ್ತದೆ. ಅದು ರಕ್ತಕ್ಕೆ ಸೇರುವ ಮೊದಲೇ ಒಡೆದು ಹಾಕಲು ಕರುಳಿನಲ್ಲಿ ಡೈಅಮೈನ್ ಆಕ್ಸಿಡೇಸ್ ಎಂಬ ಕಿಣ್ವ ಇದೆ. ಇದರೊಳಗೆ ತಾಮ್ರ ಇದೆ. ತಾಮ್ರ ಇಲ್ಲದಿದ್ದರೆ ಇದು ಕೆಲಸ ಮಾಡುವುದಿಲ್ಲ. ಇನ್ಸುಲಿನ್ ಸಂಶೋಧನೆಯಿಂದ ಹೆಸರಾದ ಚಾರ್ಲ್ಸ್ ಬೆಸ್ಟ್ ಅವರು 1929ರಲ್ಲಿ ಶ್ವಾಸಕೋಶದ ಅಂಗಾಂಶದಲ್ಲಿ ಹಿಸ್ಟಮಿನ್ ತಾನಾಗಿಯೇ ಮಾಯವಾಗುವುದನ್ನು ಗಮನಿಸಿದರು. ಅದಕ್ಕೆ ಕಾರಣವಾದ ಕಿಣ್ವಕ್ಕೆ ಮೊದಲು ಹಿಸ್ಟಮಿನೇಸ್ ಎಂಬ ಹೆಸರು ಬಂತು. ಇದೇ ಕುಟುಂಬದ ಕಿಣ್ವಗಳು ಬಟಾಣಿ ಮತ್ತು ಮಸೂರದ ಮೊಳಕೆಯಲ್ಲೂ ಇವೆ.

ಈಗ ಮೀನಿಗೆ ಬರೋಣ. ನಮ್ಮ ಸಾದಲಿಗೆ ಸಮುದ್ರ ಹತ್ತಿರವಿಲ್ಲ. ಬಂಗಡೆ, ಮತ್ತಿ, ಟ್ಯೂನಾ ಎಲ್ಲವೂ ನೂರಾರು ಕಿಲೋಮೀಟರ್ ದೂರದಿಂದ ಐಸ್‌ನಲ್ಲೇ ಬರಬೇಕು. ಈ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಹೆಚ್ಚು. ದಾರಿಯಲ್ಲೋ ಅಂಗಡಿಯಲ್ಲೋ ಐಸ್ ಕರಗಿ ಮೀನು ಬಿಸಿಯಾದರೆ ಬ್ಯಾಕ್ಟೀರಿಯಾಗಳು ಆ ಹಿಸ್ಟಿಡಿನ್ ಅನ್ನು ಹಿಸ್ಟಮಿನ್ ಮಾಡಿಬಿಡುತ್ತವೆ. ಆಮೇಲೆ ಎಷ್ಟು ಹುರಿದರೂ, ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ವಾಸನೆಯಿಂದ ಯಾವಾಗಲೂ ಗೊತ್ತಾಗುವುದೂ ಇಲ್ಲ. ಸಂಜೆ ಅರ್ಧ ಬೆಲೆಗೆ ಸಿಗುವ ಮೀನು ಕೆಲವೊಮ್ಮೆ ದುಬಾರಿಯಾಗುವುದು ಹೀಗೆ.

ಟಿಬಿ ಮಾತ್ರೆಯಲ್ಲಿ ಐಸೋನಿಯಾಜಿಡ್ ಎಂಬ ಔಷಧ ಇದೆ. 1952ರಿಂದ ಬಳಕೆಯಲ್ಲಿರುವ ಇದು ಲಕ್ಷಾಂತರ ಜೀವ ಉಳಿಸಿದೆ. ಆದರೆ ನಾನು ಮೇಲೆ ಹೇಳಿದ ತಾಮ್ರದ ಕಿಣ್ವವನ್ನು ಇದು ತಡೆಯಬಹುದು. ಆಗ ಹಿಸ್ಟಮಿನ್ ಒಳಗೆ ಬರುತ್ತದೆ, ಖರ್ಚಾಗುವುದಿಲ್ಲ. ಮುಖ ಕೆಂಪಾಗುತ್ತದೆ, ತಲೆ ಸಿಡಿಯುತ್ತದೆ, ಎದೆ ಡವಡವ ಎನ್ನುತ್ತದೆ, ಬೆವರು ಸುರಿಯುತ್ತದೆ. ಪಕ್ಕದ ಶ್ರೀಲಂಕಾದಲ್ಲಿ ಟ್ಯೂನಾ ಜಾತಿಯ ಮೀನು ತಿಂದ ಟಿಬಿ ರೋಗಿಗಳಿಗೆ ಹೀಗೆ ಆದದ್ದನ್ನು ಡಾ. ಉರಗೊಡ ಅವರು 1970ರ ದಶಕದಲ್ಲೇ ವೈದ್ಯಕೀಯ ಪತ್ರಿಕೆಗಳಲ್ಲಿ ಬರೆದಿದ್ದಾರೆ.

ಇಂಥದು ನಮ್ಮ ಬೀದಿಯಲ್ಲಿ ಯಾರಿಗಾದರೂ ಆದರೆ ಮನೆಯವರು ಏನೆನ್ನುತ್ತಾರೆ? ನಮ್ಮಂಥ ಉರ್ದು ಮನೆಗಳಲ್ಲಿ ‘ಗೋಲಿ ಗರಮ್ ಹೈ’ ಎನ್ನುತ್ತಾರೆ. ಕನ್ನಡದ ಮನೆಯಲ್ಲಿ ‘ಮಾತ್ರೆ ಹೀಟು’, ತೆಲುಗಿನ ಮನೆಯಲ್ಲಿ ‘ವೇಡಿ ಚೇಸಿಂದಿ’. ಮೂರು ಭಾಷೆಯಲ್ಲೂ ತಪ್ಪು ಮಾತ್ರೆಯ ಮೇಲೆಯೇ ಬೀಳುತ್ತದೆ, ಮೀನಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಮಾರನೆಯ ದಿನ ಮಾತ್ರೆ ನಿಂತರೆ ಒಳಗಿನ ರೋಗ ಮತ್ತೆ ಬಲಿಯಬಹುದು, ಔಷಧಕ್ಕೆ ಬಗ್ಗದ ಟಿಬಿಯೂ ಆಗಬಹುದು, ಮನೆಯ ಮಕ್ಕಳಿಗೂ ಹರಡಬಹುದು.

ಹಿಂದೆ ಈ ಭಾಗದ ರೋಗಿಗಳು ಚಿಂತಾಮಣಿ ದಾಟಿ ಮದನಪಲ್ಲಿಯ ಹತ್ತಿರದ ಆರೋಗ್ಯವರಂ ಸ್ಯಾನಿಟೋರಿಯಂಗೆ ಹೋಗಬಹುದಿತ್ತು. ಅಂಥ ಕಡೆ ಊಟವನ್ನೂ ಆಸ್ಪತ್ರೆಯವರೇ ನೋಡಿಕೊಳ್ಳುತ್ತಿದ್ದರು. 1956ರಲ್ಲಿ ಮದ್ರಾಸಿನಲ್ಲಿ ಶುರುವಾದ ಅಧ್ಯಯನ, ಸರಿಯಾಗಿ ಮಾತ್ರೆ ತೆಗೆದುಕೊಂಡರೆ ಮನೆಯಲ್ಲಿದ್ದೇ ಟಿಬಿ ವಾಸಿಯಾಗುತ್ತದೆ ಎಂದು ತೋರಿಸಿತು. ಬಡವರಿಗೆ ಅದು ದೊಡ್ಡ ಉಪಕಾರ. ಆದರೆ ಅಂದಿನಿಂದ ರೋಗಿಯ ಊಟ ನಮ್ಮ ಅಮ್ಮಂದಿರ ಕೈಗೆ ಬಂತು. ಊಟ ಅವರ ಕೈಗೆ ಬಂದ ಮೇಲೆ ಮಾಹಿತಿಯೂ ಅವರಿಗೆ ಬರಬೇಕಲ್ಲವೇ?

ಇದು ಅಪರೂಪ, ಹೇಳಿದರೆ ಜನ ಹೆದರಿ ಮಾತ್ರೆ ಬಿಡುತ್ತಾರೆ ಎಂದು ಕೆಲವರು ಹೇಳಬಹುದು. ಎಲ್ಲರಿಗೂ ಹೀಗಾಗುವುದಿಲ್ಲ, ನಿಜ. ಆದರೆ ಮೊದಲೇ ತಿಳಿದಿದ್ದರೆ ಕಾರಣ ಗೊತ್ತಿರುತ್ತದೆ. ಏನೂ ತಿಳಿಯದೆ ಒಮ್ಮೆಲೇ ಮೈ ಕೆಂಪಾದರೆ ಹೆದರಿಕೆ ಇನ್ನೂ ಹೆಚ್ಚು. ಜೊತೆಗೆ, ಮೈ ಕೆಂಪಾದಾಗಲೆಲ್ಲ ಮೀನೇ ಕಾರಣ ಎಂದೂ ಅಲ್ಲ. ಔಷಧದ ಅಲರ್ಜಿಯೂ ಇರಬಹುದು. ಅದನ್ನು ನಿರ್ಧರಿಸಬೇಕಾದವರು ಡಾಕ್ಟರ್. ಮೊಳಕೆ ಕಾಳು ತಿಂದರೆ ಸರಿಹೋಗುತ್ತದೆ ಎಂದೂ ಯಾರೂ ತಿಳಿಯಬಾರದು.

ನನ್ನ ಸಲಹೆ ಚಿಕ್ಕದು. ನಮ್ಮ ಕಾಲೇಜಿನಲ್ಲಿ ಮೂರು ಭಾಷೆ ಬಲ್ಲ ವಿದ್ಯಾರ್ಥಿಗಳಿದ್ದಾರೆ. ಬಯಾಲಜಿ ಉಪನ್ಯಾಸಕರು ಮತ್ತು ಒಬ್ಬ ವೈದ್ಯರು ಓದಿ ತಿದ್ದಿಕೊಟ್ಟರೆ ಕನ್ನಡ, ಉರ್ದು, ತೆಲುಗಿನಲ್ಲಿ ಒಂದು ಚೀಟಿ ಮಾಡಿ ಆಶಾ ಕಾರ್ಯಕರ್ತೆಯರಿಗೆ ಕೊಡಬಹುದು. ಅದರಲ್ಲಿ ಇಷ್ಟಿದ್ದರೆ ಸಾಕು:

“ಟಿಬಿ ಮಾತ್ರೆ ಮುಗಿಯುವವರೆಗೆ ಬಂಗಡೆ, ಮತ್ತಿ, ಟ್ಯೂನಾದಂಥ ಸಮುದ್ರದ ಮೀನು ತಿನ್ನುವ ಮೊದಲು ಡಾಕ್ಟರನ್ನು ಕೇಳಿ. ಐಸ್ ಇಲ್ಲದೆ ಇಟ್ಟ ಮೀನು ಬೇಡವೇ ಬೇಡ. ಮೊಟ್ಟೆ, ಬೇಳೆ, ಕೋಳಿ ತಿನ್ನಿ. ತಿಂದ ಮೇಲೆ ಮುಖ ಕೆಂಪಾಗಿ ಎದೆ ಬಡಿದುಕೊಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ, ಏನು ತಿಂದಿರಿ ಎಂದು ಹೇಳಿ. ನಿಮ್ಮಷ್ಟಕ್ಕೆ ನೀವೇ ಮಾತ್ರೆ ನಿಲ್ಲಿಸಬೇಡಿ.”

ಒಂದು ಚೀಟಿಗೆ ಜೆರಾಕ್ಸ್ ಖರ್ಚು ಒಂದೆರಡು ರೂಪಾಯಿ. ಆರು ತಿಂಗಳ ಮಾತ್ರೆಯನ್ನು ಒಬ್ಬರು ನಡುವೆ ಬಿಟ್ಟರೆ ಆಗುವ ನಷ್ಟಕ್ಕೆ ಹೋಲಿಸಿದರೆ ಇದು ದೊಡ್ಡ ಖರ್ಚೇನಲ್ಲ.